ಚಿಕ್ಕಬಾಣಾವರದ ಬಾಡಿಗೆ ಮನೆ ಮತ್ತು ಬಾಂಬ್ ಮಿಜಾನನ ಗ್ಯಾಂಗು

2019ರ ಜುಲೈ 7, ಭಾನುವಾರ. ಚಿಕ್ಕಬಾಣಾವರದ ಒಂದು ಬಾಡಿಗೆ ಮನೆಗೆ ರಾಷ್ಟ್ರೀಯ ತನಿಖಾ ದಳದವರು ಬಂದರು. ಪೇಪರಿನಲ್ಲಿ ಎನ್.ಐ.ಎ. ಅಂತ ಬರುತ್ತದಲ್ಲ, ಅವರೇ. ಮನೆ ಜಾಲಾಡಿದರು. ಸಿಕ್ಕ ಸಾಮಾನಿನ ಪಟ್ಟಿ ಆಮೇಲೆ ಹೊರಗೆ ಬಂತು: ಕೈಯಿಂದ ತಯಾರಿಸಿದ ಹ್ಯಾಂಡ್ ಗ್ರೆನೇಡ್ 5, ಟೈಮರ್ 1, ಎಲೆಕ್ಟ್ರಿಕ್ ಸರ್ಕ್ಯೂಟ್ 3, ಸ್ಫೋಟಕವೆಂದು ಶಂಕಿಸಲಾದ ವಸ್ತು, ಬಾಂಬು ಮತ್ತು ರಾಕೆಟ್ ಜೋಡಿಸುವ ಬಿಡಿಭಾಗಗಳು, 9 ಎಂ.ಎಂ. ಸಜೀವ ಗುಂಡು 1, ಜೊತೆಗೆ ಒಂದು ಏರ್‌ಗನ್.

ಗ್ಯಾಸ್ ಸಿಲಿಂಡರು, ಅಕ್ಕಿ ಡಬ್ಬ, ಮಕ್ಕಳ ಸೈಕಲ್ಲು ಇರಬೇಕಾದ ಮನೆಯಲ್ಲಿ ರಾಕೆಟ್ಟಿನ ಭಾಗ! ಈ ಕಡೆಯ ಬಾಡಿಗೆ ಮನೆಗಳ ಲಕ್ಷಣ ಗೊತ್ತಿರುವವರಿಗೆ ಎದೆ ಝಲ್ ಅನ್ನುವುದು ಇದಕ್ಕೇ. ಒಂದು ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಾರೆ. ಒಬ್ಬರ ಟಿ.ವಿ.ಯಲ್ಲಿ ಇನ್ನೊಬ್ಬರು ವಾರ್ತೆ ಕೇಳುತ್ತಾರೆ. ಗೋಡೆ ಅಂಥದ್ದು. ಆ ಐದರಲ್ಲಿ ಒಂದು ಗ್ರೆನೇಡು ಕೈತಪ್ಪಿ ಬಿದ್ದಿದ್ದರೂ ಸಾಕಿತ್ತು, ಬೀದಿಯ ಕಥೆ ಏನಾಗುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕೈತಪ್ಪುವುದು ಬರೀ ಊಹೆಯ ಮಾತೂ ಅಲ್ಲ. ಇದೇ ಗ್ಯಾಂಗಿನವರ ಕೈ ಒಮ್ಮೆ ತಪ್ಪಿತ್ತು. ಅದೂ ಒಂದು ಬಾಡಿಗೆ ಮನೆಯಲ್ಲೇ. ಊರು ಮಾತ್ರ ಬೇರೆ.

ಟು-ಲೆಟ್ ಬೋರ್ಡಿನ ಊರು

ಚಿಕ್ಕಬಾಣಾವರ ಅಂದರೆ ಒಂದು ಕಾಲಕ್ಕೆ ಕೆರೆ, ರಾಗಿ ಹೊಲ, ತುಮಕೂರು ಕಡೆಯ ರೈಲು ನಿಲ್ಲುವ ಸ್ಟೇಷನ್ನು, ಅಷ್ಟೇ. ಪಕ್ಕದ ಹೆಸರಘಟ್ಟದಿಂದ ಬೆಂಗಳೂರು ಪೇಟೆಗೆ ಕುಡಿಯುವ ನೀರು ಹೋಗಲು ಶುರುವಾದದ್ದು 1890ರ ದಶಕದಲ್ಲಿ. ನೀರು ಪೇಟೆಗೆ ಹೋಯಿತು, ನೂರು ವರ್ಷದ ಮೇಲೆ ಪೇಟೆಯೇ ಇಲ್ಲಿಗೆ ಬಂತು. ಜಮೀನು ಸೈಟಾಯಿತು, ಸೈಟು ಮನೆಯಾಯಿತು, ಮನೆಯ ಮೇಲೆ ಮತ್ತೆರಡು ಮನೆ ಎದ್ದವು. ಹೆಸರಘಟ್ಟ ರಸ್ತೆಯುದ್ದಕ್ಕೂ, ಸೋಲದೇವನಹಳ್ಳಿಯವರೆಗೂ ಕಾಲೇಜುಗಳು ಬಂದವು. ಈಶಾನ್ಯ ರಾಜ್ಯಗಳ ಹುಡುಗರು, ನೇಪಾಳದವರು, ಆಫ್ರಿಕಾದವರು ಓದಲು ಬಂದರು. ಇತ್ತ ಪೀಣ್ಯದ ಕಾರ್ಖಾನೆಗಳಿಗೆ, ಕಟ್ಟಡದ ಕೆಲಸಕ್ಕೆ ಒಡಿಶಾ, ಬಿಹಾರ, ಬಂಗಾಳ, ಅಸ್ಸಾಂ, ಜೊತೆಗೆ ನಮ್ಮದೇ ರಾಯಚೂರು-ಕಲಬುರಗಿ ಕಡೆಯವರು ಬಂದು ಇಳಿದರು. 2017ರಲ್ಲಿ ನೆಲಮಂಗಲ-ಕುಣಿಗಲ್ ಮಾರ್ಗವಾಗಿ ಹಾಸನಕ್ಕೆ ರೈಲು ಶುರುವಾದ ಮೇಲೆ ಸ್ಟೇಷನ್ನು ಜಂಕ್ಷನ್ನೂ ಆಯಿತು.

ಹೀಗಾಗಿ ಈ ಕಡೆ ಎಷ್ಟೋ ಸಂಸಾರಗಳಿಗೆ ಬಾಡಿಗೆಯೇ ಬೆಳೆ. ಮೇಲಿನ ಎರಡು ಮನೆ ಬಾಡಿಗೆಗೆ ಹೋದರೆ ಕೆಳಗಿನ ಒಲೆ ಉರಿಯುತ್ತೆ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಮಾಲೀಕನಿಗೆ ನಿದ್ದೆ ಬರೋದಿಲ್ಲ. ಮನೆ ತೋರಿಸುವ ಬ್ರೋಕರು ಕೇಳುವ ಪ್ರಶ್ನೆ ಎರಡೇ: ಎಷ್ಟು ಜನ? ಅಡ್ವಾನ್ಸು ಯಾವಾಗ? ಮಾಲೀಕರದು ಇನ್ನೊಂದು ಪ್ರಶ್ನೆ ಸೇರಬಹುದು: ಮನೆಯಲ್ಲಿ ಮಾಂಸ ಮಾಡ್ತೀರಾ? ಊಟದ ವಿಚಾರ ಅಷ್ಟು ಕಟ್ಟುನಿಟ್ಟಾಗಿ ಕೇಳುವವರು, ಬಂದವನು ಯಾರು, ಎಲ್ಲಿಂದ ಬಂದ, ಹಿಂದೆ ಯಾವ ಮನೆಯಲ್ಲಿದ್ದ ಅಂತ ಕೇಳೋದು ಕಡಿಮೆ. ಆಧಾರ್ ಕಾರ್ಡಿನ ಜೆರಾಕ್ಸ್ ಕೊಟ್ಟರೆ ಮುಗೀತು. ಅದರಲ್ಲಿರುವ ಹೆಸರು ನಿಜವೋ ಸುಳ್ಳೋ, ಜೆರಾಕ್ಸಿಗೇನು ಗೊತ್ತು!

ಗ್ಯಾಂಗಿಗೆ ಬೇಕಾಗಿದ್ದುದೂ ಇಂಥದೇ ಊರು. ಕಾಡು ಬೇಡ, ಗುಹೆ ಬೇಡ. ಯಾರೂ ಯಾರನ್ನೂ ಏನೂ ಕೇಳದ ಒಂದು ಬೀದಿ ಸಾಕು.

ಜೈಲು ವ್ಯಾನಿನಿಂದ ಹಾರಿದವನು

ಗ್ಯಾಂಗಿನ ಮೂಲ ಬಾಂಗ್ಲಾದೇಶ. ಹೆಸರು ಜಮಾತ್-ಉಲ್-ಮುಜಾಹಿದೀನ್ ಬಾಂಗ್ಲಾದೇಶ್, ಮೂರಕ್ಷರದಲ್ಲಿ ಜೆ.ಎಂ.ಬಿ. 1998ರಲ್ಲಿ ಹುಟ್ಟಿದ ಈ ಸಂಘಟನೆ ಜಗತ್ತಿಗೆಲ್ಲ ಗೊತ್ತಾದದ್ದು 2005ರ ಆಗಸ್ಟ್ 17ರಂದು. ಆ ದೇಶದ 64 ಜಿಲ್ಲೆಗಳ ಪೈಕಿ 63ರಲ್ಲಿ, ಸುಮಾರು ಅರ್ಧ ಗಂಟೆಯೊಳಗೆ, 500ರಷ್ಟು ಸಣ್ಣ ಬಾಂಬುಗಳು ಸಿಡಿದವು. ಅದೇ ವರ್ಷದ ನವೆಂಬರಿನಲ್ಲಿ ಇಬ್ಬರು ನ್ಯಾಯಾಧೀಶರನ್ನು ಬಾಂಬಿಟ್ಟು ಕೊಂದರು. ಬಾಂಗ್ಲಾ ಸರ್ಕಾರ ಸುಮ್ಮನಿರಲಿಲ್ಲ. 2007ರ ಮಾರ್ಚಿಯಲ್ಲಿ ಸ್ಥಾಪಕ ಶೇಖ್ ಅಬ್ದುರ್ ರಹಮಾನ್ ಸೇರಿದಂತೆ ಆರು ಮಂದಿಯನ್ನು ಗಲ್ಲಿಗೇರಿಸಿತು. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡರು.

ಮುಗಿದಿರಲಿಲ್ಲ. 2014ರ ಫೆಬ್ರವರಿ 23. ಮೈಮನ್‌ಸಿಂಗ್ ಜಿಲ್ಲೆಯ ತ್ರಿಶಾಲ್ ಎಂಬಲ್ಲಿ ಕೈದಿಗಳನ್ನು ಕೋರ್ಟಿಗೆ ಸಾಗಿಸುತ್ತಿದ್ದ ಪೋಲೀಸ್ ವ್ಯಾನನ್ನು ಹಾಡಹಗಲೇ ಅಡ್ಡಗಟ್ಟಿ, ಒಬ್ಬ ಪೋಲೀಸನನ್ನು ಕೊಂದು, ಮೂವರನ್ನು ಬಿಡಿಸಿಕೊಂಡು ಹೋದರು. ಮೂವರಲ್ಲಿ ಒಬ್ಬ ಅದೇ ದಿನ ಮತ್ತೆ ಸಿಕ್ಕಿಬಿದ್ದು ಗುಂಡಿಗೆ ಸತ್ತ. ಉಳಿದಿಬ್ಬರು ಗಡಿ ದಾಟಿ ಭಾರತದೊಳಗೆ ಬಂದರು. ಒಬ್ಬ ಸಲಾಹುದ್ದೀನ್ ಸಾಲೆಹೀನ್, ಸಂಘಟನೆಯ ಮುಖಂಡ. ಇನ್ನೊಬ್ಬ ಜಹೀದುಲ್ ಇಸ್ಲಾಂ. ಇವನಿಗೆ ಒಂದೇ ತಲೆ, ಹೆಸರು ಹಲವು: ಜಹೀದ್, ಕೌಸರ್, ಮುನೀರ್, ಮಿಜಾನ್. ಬಾಂಬು ಮಾಡುವುದರಲ್ಲಿ ಕೈ ಪಳಗಿದ್ದರಿಂದ ಬಂಗಾಳಿಯಲ್ಲಿ 'ಬೋಮಾ ಮಿಜಾನ್' ಎಂಬ ಅಡ್ಡಹೆಸರು. ಅಂದ್ರೆ ನಮ್ಮ ಮಾತಿನಲ್ಲಿ ಬಾಂಬ್ ಮಿಜಾನ್.

ಆ ವರ್ಷವೇ ಅಕ್ಟೋಬರ್ 2, ಗಾಂಧಿ ಜಯಂತಿ. ಪಶ್ಚಿಮ ಬಂಗಾಳದಲ್ಲಿ ದುರ್ಗಾಪೂಜೆಯ ಸಂಭ್ರಮ. ಬರ್ದ್ವಾನ್ ಪಟ್ಟಣದ ಖಾಗ್ರಾಗಢ ಎಂಬ ಬಡಾವಣೆಯ ಬಾಡಿಗೆ ಮನೆಯೊಂದರಲ್ಲಿ ಢಮ್ ಎಂದಿತು. ಗ್ಯಾಸ್ ಸಿಲಿಂಡರ್ ಸಿಡಿದಿರಬೇಕು ಅಂತ ಜನ ಓಡಿಬಂದರು. ಒಳಗೆ ಇಬ್ಬರ ಸಾವಾಗಿತ್ತು, ಒಬ್ಬ ಗಾಯಗೊಂಡಿದ್ದ. ಬಾಂಬು ಜೋಡಿಸುತ್ತಿದ್ದವರ ಕೈಯಲ್ಲೇ ಬಾಂಬು ಸಿಡಿದಿತ್ತು. ಸತ್ತವರಲ್ಲೊಬ್ಬ ಮುರ್ಷಿದಾಬಾದ್ ಜಿಲ್ಲೆಯ ಬೆಲ್ಡಂಗಾದಲ್ಲಿ ಬುರ್ಖಾ ಅಂಗಡಿ ಇಟ್ಟುಕೊಂಡವನು. ನೋಡುವವರ ಕಣ್ಣಿಗೆ ಬಟ್ಟೆ ವ್ಯಾಪಾರಿ.

ವ್ಯಾಪಾರಿಗಳು ಈ ಅಂಶ ಗಮನಿಸಬೇಕು. ಬಟ್ಟೆ ವ್ಯಾಪಾರದ ಈ ಮುಸುಕು ಮುಂದೆ ಕರ್ನಾಟಕದಲ್ಲೂ ಬರುತ್ತದೆ.

ಬರ್ದ್ವಾನಿನ ಕೇಸು ಅಕ್ಟೋಬರ್ 10ರಂದು ಎನ್.ಐ.ಎ. ಕೈಗೆ ಹೋಯಿತು. ಗ್ಯಾಂಗು ಚದುರಿತು. ಚದುರಿದವರು ದಕ್ಷಿಣದ ರೈಲು ಹತ್ತಿದರು.

ನಾಲ್ಕು ವರ್ಷ ಬೆಂಗಳೂರಿನಲ್ಲೇ

2014ರಿಂದ 2018ರವರೆಗೆ ಈ ಗ್ಯಾಂಗು ಬೆಂಗಳೂರು ಮತ್ತು ಸುತ್ತಮುತ್ತ 20ರಿಂದ 22 ಅಡಗುದಾಣ ಮಾಡಿಕೊಂಡಿತ್ತು. ಈ ಲೆಕ್ಕ ಕಟ್ಟೆ ಮೇಲೆ ಕೂತವರ ಮಾತಲ್ಲ. 2019ರ ಅಕ್ಟೋಬರ್ 14ರಂದು ದೆಹಲಿಯಲ್ಲಿ ಎಲ್ಲ ರಾಜ್ಯಗಳ ಭಯೋತ್ಪಾದನಾ ನಿಗ್ರಹ ದಳಗಳ ಮುಖ್ಯಸ್ಥರ ಸಭೆಯಲ್ಲಿ ಎನ್.ಐ.ಎ. ಅಧಿಕಾರಿಗಳೇ ಹೇಳಿದ್ದು. ಅಡಗುದಾಣ ಅಂದರೆ ಏನು? ಬಾಡಿಗೆ ಮನೆ. ಇಪ್ಪತ್ತು ಮನೆಗೆ ಇಪ್ಪತ್ತು ಸಲ ಯಾರೋ ಅಡ್ವಾನ್ಸ್ ಎಣಿಸಿ ಕೊಟ್ಟಿದ್ದಾರೆ, ಯಾರೋ ಬೀಗದ ಕೈ ಕೊಟ್ಟಿದ್ದಾರೆ. ನಾಲ್ಕು ವರ್ಷ. ರಾಜ್ಯದ ಪೋಲೀಸರಿಗೂ ಸುಳಿವಿಲ್ಲ, ಕೇಂದ್ರದವರಿಗೂ ಸುಳಿವಿಲ್ಲ. ಹಿಡಿದದ್ದಕ್ಕೆ ಶಹಭಾಸ್ ಹೇಳುವಾಗ ಈ ನಾಲ್ಕು ವರ್ಷದ ಲೆಕ್ಕವನ್ನೂ ಬದಿಗೆ ಬರೆದುಕೊಳ್ಳಬೇಕು.

ದುಡ್ಡು ಎಲ್ಲಿಂದ? ವಿದೇಶದಿಂದ ಸೂಟ್‌ಕೇಸು ಬಂದಿರಬೇಕು ಅಂತ ಸಿನಿಮಾ ನೋಡಿದವರು ಹೇಳಬಹುದು. ಅದಕ್ಕಿಂತ ಸರಳ. ದರೋಡೆ! 2018ರಲ್ಲಿ ಬೆಂಗಳೂರಿನಲ್ಲೇ ದರೋಡೆಗಳನ್ನು ಮಾಡಿ ಸಂಘಟನೆಗೆ ಹಣ ಹೊಂದಿಸಿದರು ಎಂಬುದು ಎನ್.ಐ.ಎ. ಹೊರಿಸಿದ ಆರೋಪ, ಮುಂದೆ ಕೋರ್ಟಿನಲ್ಲಿ ಸಾಬೀತೂ ಆಯಿತು. ಹಳೆಯ ಇಂಡಿಯನ್ ಪೀನಲ್ ಕೋಡಿನ ಲೆಕ್ಕದಲ್ಲಿ ಐದು ಜನ ಅಥವಾ ಹೆಚ್ಚು ಮಂದಿ ಸೇರಿ ಸುಲಿಗೆ ಮಾಡಿದರೆ ಅದು ಡಕಾಯಿತಿ. ಮೇಲ್ನೋಟಕ್ಕೆ ಇದು ನಗರದಲ್ಲಿ ನಡೆಯುವ ಹತ್ತರಲ್ಲಿ ಹನ್ನೊಂದನೆಯ ದರೋಡೆ. ದೋಚಿದ ದುಡ್ಡಿನಲ್ಲಿ ಕುಡಿದು ತಿಂದು ಹಾಳು ಮಾಡುವ ಕಳ್ಳರು ಬೇರೆ, ಅದೇ ದುಡ್ಡಿನಲ್ಲಿ ಟೈಮರ್ ಕೊಳ್ಳುವವರು ಬೇರೆ. ಕದ್ದವನ ಮುಖ ನೋಡಿದರೆ ಇದು ಗೊತ್ತಾಗುವುದಿಲ್ಲ.

ತಯಾರಿಸಿದ್ದನ್ನು ಪರೀಕ್ಷೆ ಮಾಡಬೇಡವೇ? ಅದಕ್ಕೆ ಗಡಿಯಾಚೆ ಹೋದರು. ತಮಿಳುನಾಡಿನ ಕೃಷ್ಣಗಿರಿಯ ಗುಡ್ಡಗಳಲ್ಲಿ ರಾಕೆಟ್ ಹಾರಿಸಿ ನೋಡಿದರು ಎಂದು ಎನ್.ಐ.ಎ. ಅದೇ ಅಕ್ಟೋಬರ್ ಸಭೆಯಲ್ಲಿ ತಿಳಿಸಿತು. ಮ್ಯಾನ್ಮಾರಿನಲ್ಲಿ ರೋಹಿಂಗ್ಯಾ ಜನರಿಗೆ ಆದ ಗತಿಗೆ ಸೇಡೆಂದು ಬೌದ್ಧರ ಮಂದಿರಗಳ ಮೇಲೆ ಕಣ್ಣು ಹಾಕಿದ್ದರಂತೆ. ಸೇಡಿನ ಮಾತು ಬರೀ ಮಾತಾಗಿ ಉಳಿಯಲಿಲ್ಲ. 2018ರ ಜನವರಿ 19ರಂದು ಬಿಹಾರದ ಬೋಧಗಯೆಯಲ್ಲಿ, ದಲೈ ಲಾಮಾ ಅಲ್ಲಿದ್ದ ಹೊತ್ತಿನಲ್ಲೇ, ಬಾಂಬುಗಳು ಸಿಕ್ಕವು. ಎಲ್ಲಿಯ ಮ್ಯಾನ್ಮಾರ್, ಎಲ್ಲಿಯ ಬೋಧಗಯೆ, ಎಲ್ಲಿಯ ನಮ್ಮ ಹೆಸರಘಟ್ಟ ರಸ್ತೆ!

ಒಂದು ವಿಳಾಸದಿಂದ ಇನ್ನೊಂದಕ್ಕೆ

ಬೋಧಗಯೆಯ ದಾರ ಹಿಡಿದು ಎಳೆದಾಗಲೇ ಗಂಟು ಬಿಚ್ಚತೊಡಗಿದ್ದು. 2018ರ ಆಗಸ್ಟ್ ಮೊದಲ ವಾರ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬಂಗಾಳಿ ಕೂಲಿಕಾರರು ತಂಗುವ ಜಾಗದಲ್ಲಿ ಇಬ್ಬರು ಸಿಕ್ಕರು. ಅವರಿಂದ ಮುಂದಿನ ವಿಳಾಸ ಸಿಕ್ಕಿತು: ರಾಮನಗರ.

ಆಗಸ್ಟ್ 6ರಂದು ರಾಮನಗರದ ಬಾಡಿಗೆ ಮನೆಯಲ್ಲಿ ಬಾಂಬ್ ಮಿಜಾನ್ ಸಿಕ್ಕಿಬಿದ್ದ. ರೇಷ್ಮೆಗೂಡಿನ ಮಾರುಕಟ್ಟೆಯ ಊರು ಅದು, ದಿನಾ ಹತ್ತೂರಿನ ಜನ ಬಂದು ಹೋಗುವ ಜಾಗ. ಬಟ್ಟೆ ಮಾರಿಕೊಂಡು ಹೆಂಡತಿ ಮಕ್ಕಳೊಂದಿಗೆ ಇದ್ದ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಮತ್ತೆ ಬಟ್ಟೆ ವ್ಯಾಪಾರ! ಒಂದು ದೇಶದ ಜೈಲು ವ್ಯಾನಿನಿಂದ ತಪ್ಪಿಸಿಕೊಂಡು, ಎರಡು ದೇಶದ ಪೋಲೀಸರು ಹುಡುಕುತ್ತಿದ್ದವನು ಸೀರೆ, ಲಂಗದ ಬೆಲೆ ಚೌಕಾಸಿ ಮಾಡಿಕೊಂಡು ಕೂತಿದ್ದ.

ನಾಯಕ ಸಿಕ್ಕಿದ. ಆದರೆ ಅಂಗಡಿ ಪೂರ್ತಿ ಮುಚ್ಚಿರಲಿಲ್ಲ. 2019ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯ ಜೆ.ಎಂ.ಬಿ.ಯನ್ನು ನಿಷೇಧಿಸಿತು. ಮರುತಿಂಗಳು, ಜೂನ್ 25ರಂದು, ದೊಡ್ಡಬಳ್ಳಾಪುರದಲ್ಲಿ ಹಬೀಬುರ್ ರೆಹಮಾನ್ ಎಂಬುವನನ್ನು ಎನ್.ಐ.ಎ. ಬಂಧಿಸಿತು. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯವನು, ಬರ್ದ್ವಾನ್ ಕೇಸಿನ ಆರೋಪಿ. ಇವನು ಬಾಯಿಬಿಟ್ಟ ಮೇಲೆ ಬಂದ ವಿಳಾಸವೇ ಚಿಕ್ಕಬಾಣಾವರ. ಜುಲೈ 7ರ ಭಾನುವಾರದ ಕಥೆ ಮೊದಲೇ ಹೇಳಿಯಾಯಿತು.

ಲೆಕ್ಕ ಹಾಕಿ. ನಾಯಕ ರಾಮನಗರದಲ್ಲಿ ಸಿಕ್ಕ ದಿನದಿಂದ ಚಿಕ್ಕಬಾಣಾವರದ ಮನೆಗೆ ತನಿಖೆಯವರು ಕಾಲಿಡುವ ಹೊತ್ತಿಗೆ ಸರಿಯಾಗಿ ಹನ್ನೊಂದು ತಿಂಗಳ ಮೇಲೆ ಒಂದು ದಿನ. ಬಾಡಿಗೆ ಕರಾರಿನ ಅವಧಿಯೂ ಹನ್ನೊಂದು ತಿಂಗಳೇ. ಒಂದು ವರ್ಷಕ್ಕಿಂತ ಹೆಚ್ಚು ಅಂತ ಬರೆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು, ಖರ್ಚು, ಓಡಾಟ. ಅದಕ್ಕೇ ಇಡೀ ಬೆಂಗಳೂರಿಗೆ ಬೆಂಗಳೂರೇ ಹನ್ನೊಂದು ತಿಂಗಳಿಗೆ ಬರೆದುಕೊಳ್ಳುತ್ತೆ. ಸರ್ಕಾರದ ಪುಸ್ತಕಕ್ಕೆ ಬಾಡಿಗೆದಾರನ ಹೆಸರು ಬೀಳದಂತೆ ಮಾಡುವ ಈ ಜಾಣತನ, ಉಳಿತಾಯಕ್ಕೆಂದು ಹುಟ್ಟಿದ್ದು. ಯಾರು ಯಾರಿಗೆ ಅನುಕೂಲವಾಯಿತು ನೋಡಿ.

ಕೋಣನಕುಂಟೆಯ ನೆನಪು

ದೆಹಲಿಯ ತನಿಖೆಯವರು ಬೆಂಗಳೂರಿನ ಹೊರವಲಯದ ಬಾಡಿಗೆ ಮನೆಗೆ ಬಂದದ್ದು ಇದೇ ಮೊದಲಲ್ಲ. ಐವತ್ತು ದಾಟಿದವರಿಗೆ ಕೋಣನಕುಂಟೆ ನೆನಪಿರಬೇಕು. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆ ನಡೆಯಿತು. ಸಿ.ಬಿ.ಐ. ವಿಶೇಷ ತಂಡ ಕಟ್ಟಿತು. ಅದರ ಮುಖ್ಯಸ್ಥರು ಕರ್ನಾಟಕದಲ್ಲೇ ಸೇವೆ ಸಲ್ಲಿಸಿದ್ದ ಡಿ.ಆರ್. ಕಾರ್ತಿಕೇಯನ್. ಶ್ರೀಲಂಕೆ ದ್ವೀಪದಿಂದ ಬಂದ ಎಲ್.ಟಿ.ಟಿ.ಇ. ಗುಂಪು ತಮಿಳುನಾಡಿನಿಂದ ತಪ್ಪಿಸಿಕೊಂಡು ಬಂದು ಕೂತದ್ದು ಕೋಣನಕುಂಟೆಯ ಒಂದು ಬಾಡಿಗೆ ಮನೆಯಲ್ಲಿ. ಆಗಸ್ಟ್ 20ರ ಬೆಳಗ್ಗೆ ಕಮಾಂಡೋಗಳು ಒಳನುಗ್ಗುವಷ್ಟರಲ್ಲಿ ಒಳಗೆ ಇದ್ದದ್ದು ಏಳು ಹೆಣ. ಶಿವರಾಸನ್, ಶುಭಾ ಸೇರಿ ಏಳೂ ಮಂದಿ ಜೀವ ಕಳೆದುಕೊಂಡಿದ್ದರು. ಹೆಣಗಳು ಸಾಕ್ಷಿ ಹೇಳಲಿಲ್ಲ. ಆ ಸಂಚಿನ ಎಷ್ಟೋ ಪ್ರಶ್ನೆಗಳು ಆ ಮನೆಯಲ್ಲೇ ಸತ್ತವು.

ಚಿಕ್ಕಬಾಣಾವರಕ್ಕೂ ಕೋಣನಕುಂಟೆಗೂ ಇರುವ ವ್ಯತ್ಯಾಸ ಇದು. ಇಲ್ಲಿ ಮುತ್ತಿಗೆ ಇಲ್ಲ, ಗುಂಡಿನ ಸದ್ದಿಲ್ಲ, ಟಿ.ವಿ. ಕ್ಯಾಮರಾದ ಎದುರು ಶೌರ್ಯವಿಲ್ಲ. ಮಲಪ್ಪುರಂನಲ್ಲಿ ಸಿಕ್ಕವರು ರಾಮನಗರ ತೋರಿಸಿದರು, ದೊಡ್ಡಬಳ್ಳಾಪುರದವನು ಚಿಕ್ಕಬಾಣಾವರ ತೋರಿಸಿದ. ಜೀವಂತ ಸಿಕ್ಕಿದ್ದರಿಂದ ಮಾತಾಡಿದರು, ಮಾತಾಡಿದ್ದರಿಂದ ಮುಂದಿನ ಬಾಗಿಲು ತೆರೆಯಿತು. ಗ್ಯಾಂಗು ಕಟ್ಟಿಕೊಂಡಿದ್ದ ಬಾಡಿಗೆ ಮನೆಗಳ ಸರಪಳಿಯನ್ನೇ ಹಿಡಿದು ಅದನ್ನು ಎಳೆದುಹಾಕಿದರು. ಎನ್‌ಕೌಂಟರ್ ಆಯಿತೆಂದರೆ ಸಿಹಿ ಹಂಚುವವರು ಸ್ವಲ್ಪ ಯೋಚಿಸಬೇಕಾದ ವಿಷಯ.

ಸಿ.ಬಿ.ಐ. ಇದ್ದ ಜಾಗಕ್ಕೆ ಎನ್.ಐ.ಎ. ಯಾಕೆ ಬಂತು ಅಂತ ಕೇಳುವವರಿದ್ದಾರೆ. 2008ರ ನವೆಂಬರ್ 26ರ ಮುಂಬಯಿ ದಾಳಿಯ ನಂತರ, ಅದೇ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ಹುಟ್ಟಿಸಿದ ಸಂಸ್ಥೆ ಇದು. ಹಾಗಂತ ದೆಹಲಿಯವರು ಬಂದಾಕ್ಷಣ ಊರಿನ ಠಾಣೆಗೆ ಕೆಲಸವಿಲ್ಲ ಎಂದಲ್ಲ. ಚಿಕ್ಕಬಾಣಾವರದಲ್ಲಿ ಸಿಕ್ಕ ಗ್ರೆನೇಡುಗಳ ಬಗ್ಗೆ ಮೊದಲು ಕೇಸು ಬರೆದುಕೊಂಡದ್ದು ಸೋಲದೇವನಹಳ್ಳಿ ಠಾಣೆ. ಪದ್ಧತಿ ಹೀಗೆ: ಇಂಥ ಕೇಸು ದಾಖಲಾದರೆ ಠಾಣೆಯವರು ರಾಜ್ಯ ಸರ್ಕಾರಕ್ಕೆ ವರದಿ ಕಳಿಸಬೇಕು, ರಾಜ್ಯ ಕೇಂದ್ರಕ್ಕೆ ಕಳಿಸಬೇಕು, ಕೇಂದ್ರ 15 ದಿನದೊಳಗೆ ಇದು ಎನ್.ಐ.ಎ.ಗೆ ಹೋಗಬೇಕೋ ಬೇಡವೋ ತೀರ್ಮಾನಿಸಬೇಕು. ಸೋಲದೇವನಹಳ್ಳಿಯ ಕೇಸು ಹೀಗೇ ಎನ್.ಐ.ಎ.ಗೆ ಹೋಗಿ ವಿಶೇಷ ಕೋರ್ಟು ಮುಟ್ಟಿತು. ಚೆಕ್ ಬೌನ್ಸು, ಬೈಕ್ ಕಳವು, ಗಂಡ-ಹೆಂಡಿರ ಜಗಳ ನೋಡುವ ಠಾಣೆಯ ಪುಸ್ತಕದಲ್ಲೇ ಒಂದು ಅಂತರರಾಷ್ಟ್ರೀಯ ಗ್ಯಾಂಗಿನ ಹೆಸರೂ ಬಿತ್ತು.

ಊರಿನ ಹೆಸರು, ಕೂಲಿಯವರ ಪಾಡು

ಗ್ಯಾಂಗ್ ಅಂದರೆ ಈ ಭಾಗದವರಿಗೆ ತಟ್ಟನೆ ನೆನಪಾಗುವುದು ದಂಡುಪಾಳ್ಯ. ಹೊಸಕೋಟೆ ಕಡೆಯ ಒಂದು ಊರಿನ ಹೆಸರು ಕೊಲೆಗಡುಕರ ಗುಂಪಿಗೆ ಅಂಟಿಕೊಂಡು, 2012ರಲ್ಲಿ ಸಿನಿಮಾನೂ ಬಂದು, ಊರಿನ ಹೆಸರು ಹೇಳಿದರೆ ಕೇಳುವವರು ಹುಬ್ಬು ಹಾರಿಸುವಂತಾಯಿತು. ಚಿಕ್ಕಬಾಣಾವರದ ಅದೃಷ್ಟ, ಗ್ಯಾಂಗಿಗೆ ಮೊದಲೇ ಬೇರೆ ಹೆಸರಿತ್ತು.

ಆದರೆ ಹೆಸರಿನ ಪೆಟ್ಟು ಬೇರೆಯವರಿಗೆ ಬಿತ್ತು. ಬಂಗಾಳಿ ಮಾತಾಡುವ ಕೂಲಿಯವರಿಗೆ. ಬಂಗಾಳಿ ಮಾತಾಡುವವರೆಲ್ಲ ಬಾಂಗ್ಲಾದವರಲ್ಲ. ಮಾಲ್ದಾ, ಮುರ್ಷಿದಾಬಾದಿನವರು ಭಾರತದವರು. ಅಸ್ಸಾಮಿನ, ತ್ರಿಪುರಾದ ಬಂಗಾಳಿಗಳೂ ನಮ್ಮ ನಿಮ್ಮಂತೆ ಓಟು ಹಾಕುವವರು. 2020ರ ಜನವರಿಯಲ್ಲಿ ಏನಾಯಿತು ಎಂಬುದು ಇದಕ್ಕೆ ಉದಾಹರಣೆ. ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶೀಯರು ಸೇರಿಕೊಂಡಿದ್ದಾರೆಂದು ಗುಡಿಸಲುಗಳನ್ನು ಕೆಡವಿದರು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ಬಂಗಾಳ, ತ್ರಿಪುರಾದವರ ಜೊತೆ ಉತ್ತರ ಕರ್ನಾಟಕದಿಂದ ಗುಳೆ ಬಂದವರೂ ಇದ್ದರು. ಭಾರತದ ಗುರುತಿನ ಚೀಟಿ ಕೈಯಲ್ಲಿ ಹಿಡಿದು ನಿಂತಿದ್ದರು. ಹೈಕೋರ್ಟು ಮಧ್ಯೆ ಬಂದು ತೆರವು ಕಾರ್ಯಾಚರಣೆಯನ್ನು ತಡೆಯಿತು, ಮುಂದೆ ಅದು ಕಾನೂನುಬಾಹಿರ ಎಂದಿತು. ಅಲ್ಲಿಯವರೆಗೆ ಚಳಿಗೆ ಮಕ್ಕಳನ್ನು ಅಪ್ಪಿಕೊಂಡು ಮಲಗಿದವರಿಗೆ ಯಾರು ಉತ್ತರ ಹೇಳಬೇಕು?

ಒಂದು ಕಡೆ ಬಾಂಬು ಇಟ್ಟವನಿಗೆ ಇಪ್ಪತ್ತು ಮನೆ ಸಿಕ್ಕವು. ಇನ್ನೊಂದು ಕಡೆ ಇಟ್ಟಿಗೆ ಹೊರುವವನ ಪ್ಲಾಸ್ಟಿಕ್ ಗುಡಿಸಲು ನೆಲಕ್ಕೆ ಬಿತ್ತು. ಮಾತು ಕೇಳಿ ಮನುಷ್ಯನನ್ನು ಅಳೆದರೆ ಆಗುವುದು ಇದೇ. ಬಾಂಬ್ ಮಿಜಾನನ ಬಾಯಲ್ಲಿ ಅಡ್ವಾನ್ಸಿಗೆ ಎಣಿಸುವಷ್ಟು ನೋಟಿನ ಮಾತಿತ್ತು, ಯಾರೂ ಅನುಮಾನಪಡಲಿಲ್ಲ.

ಹಾಗಾದರೆ ಮಾಲೀಕ ಏನು ಮಾಡಬೇಕು? ಪತ್ತೇದಾರ ಆಗಬೇಕಾಗಿಲ್ಲ. ಬಾಡಿಗೆದಾರ ಹಿಂದೆ ಇದ್ದ ಮನೆಯ ವಿಳಾಸ ಕೇಳಿ, ಅಲ್ಲಿಗೆ ಒಂದು ಫೋನು ಮಾಡಬಹುದು. ಕೆಲಸ ಮಾಡುವ ಜಾಗ ವಿಚಾರಿಸಬಹುದು. ಬಾಡಿಗೆದಾರರ ವಿವರ ಹತ್ತಿರದ ಠಾಣೆಗೆ ಕೊಟ್ಟು ಒಂದು ಸ್ವೀಕೃತಿ ಇಟ್ಟುಕೊಳ್ಳಬಹುದು. ವಿದೇಶಿ ವಿದ್ಯಾರ್ಥಿಗೆ ಮನೆ ಕೊಟ್ಟರೆ 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ ಬಹಳ ಹಿಂದಿನಿಂದಲೂ ಇದೆ, 'ಸಿ' ಫಾರಂ ಅಂತ ಜನ ಕರೆಯುವುದು ಅದನ್ನೇ. ಕಾಲೇಜುಗಳ ಸುತ್ತ ಮನೆ ಕಟ್ಟಿಸಿದವರಲ್ಲಿ ಇದನ್ನು ಚಾಚೂ ತಪ್ಪದೆ ಮಾಡುವವರೂ ಇದ್ದಾರೆ, ಹಾಗೆಂದರೇನು ಎನ್ನುವವರೂ ಇದ್ದಾರೆ. ಠಾಣೆ ಮೆಟ್ಟಿಲು ಹತ್ತುವುದು ಯಾಕೆ ಎಂಬ ಅಂಜಿಕೆಯೂ ಸುಳ್ಳಲ್ಲ. ಹೋದವರನ್ನು ಕಳ್ಳರ ಹಾಗೆ ನೋಡದೆ ಕುರ್ಚಿ ಕೊಟ್ಟರೆ ಇನ್ನೂ ನಾಲ್ಕು ಜನ ಬಂದಾರು. ಅದು ಪೋಲೀಸರು ಮಾಡಬೇಕಾದ ಕೆಲಸ.

ಕೋರ್ಟಿನ ಲೆಕ್ಕ

ಬರ್ದ್ವಾನ್ ಕೇಸಿನಲ್ಲಿ 19 ಮಂದಿ ತಪ್ಪೊಪ್ಪಿಕೊಂಡರು. 2019ರ ಆಗಸ್ಟ್ ಕೊನೆಗೆ ಕೋಲ್ಕತ್ತದ ವಿಶೇಷ ಕೋರ್ಟು ಅವರಿಗೆ ಶಿಕ್ಷೆ ವಿಧಿಸಿತು. 2021ರ ಫೆಬ್ರವರಿಯಲ್ಲಿ ಬಾಂಬ್ ಮಿಜಾನನ ಸರದಿ: 29 ವರ್ಷ ಜೈಲು. ಅದೇ ವರ್ಷ ಡಿಸೆಂಬರಿನಲ್ಲಿ ಬೋಧಗಯೆ ಕೇಸಿನಲ್ಲಿ ಪಟ್ನಾದ ವಿಶೇಷ ಕೋರ್ಟು ಎಂಟು ಮಂದಿಗೆ ಶಿಕ್ಷೆ ಕೊಟ್ಟಿತು. ಮೂವರಿಗೆ ಜೀವಾವಧಿ.

ಚಿಕ್ಕಬಾಣಾವರದಿಂದ ಶುರುವಾದ ಕೇಸು ಬೆಂಗಳೂರಿನ ಎನ್.ಐ.ಎ. ವಿಶೇಷ ಕೋರ್ಟಿನಲ್ಲಿ ನಡೆಯಿತು. ದರೋಡೆ, ಒಳಸಂಚು, ಹಣ ಸಂಗ್ರಹ, ಮದ್ದುಗುಂಡು ಸಂಗ್ರಹದ ಆರೋಪಗಳು. ಒಟ್ಟು 11 ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. 2024ರ ಡಿಸೆಂಬರ್ ಕೊನೆಯಲ್ಲಿ, ಆ ಭಾನುವಾರ ಕಳೆದು ಐದೂವರೆ ವರ್ಷದ ಮೇಲೆ, ಬಾಂಬ್ ಮಿಜಾನನಿಗೆ ಈ ಕೇಸಿನಲ್ಲಿ 7 ವರ್ಷ ಕಠಿಣ ಸಜೆ ಮತ್ತು 57 ಸಾವಿರ ರೂಪಾಯಿ ದಂಡ ಬಿತ್ತು. ಹೆಸರಘಟ್ಟ ರಸ್ತೆಯಲ್ಲಿ ಇವತ್ತು ಎರಡು ಕೋಣೆಯ ಒಂದು ಮನೆ ಹಿಡಿಯಬೇಕೆಂದರೆ ಅಡ್ವಾನ್ಸಿಗೆ ಅದು ಸಾಲುವುದಿಲ್ಲ.